ಮುಖವೂ ಬೇಕು, ದೀಪವೂ ಬೇಕು

ನಮ್ಮ ಮನೆಯ ಆಲ್ಬಮ್ಮಿನಲ್ಲಿ 1994ರ ದೀಪಾವಳಿಯ ಒಂದು ಫೋಟೋ ಇದೆ. ಅಪ್ಪ, ಅಮ್ಮ ಸೂಳೆಕೆರೆಯ ಏರಿಯ ಮೇಲೆ ನಿಂತಿದ್ದಾರೆ. ಕಾಲ ಬಳಿ ಅಮ್ಮ ಹಚ್ಚಿಟ್ಟ ಐದು ಹಣತೆಗಳಿವೆ. ಅಪ್ಪನ ಹಣೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿದೆ. ಅಮ್ಮನ ಕಣ್ಣು ಅರ್ಧ ಮುಚ್ಚಿದೆ. ಅವರ ಹಿಂದೆ ಏನೂ ಇಲ್ಲ, ಬರೀ ಕಪ್ಪು. ಹಣತೆಗಳಲ್ಲಿ ಉರಿಯುವ ಕುಡಿ ಇದೆಯೇ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು.

ಅದನ್ನು ತೆಗೆದವನು ನಾನೇ. ಬಟನ್ ಒತ್ತಿದರೆ ಸಾಕು, ಉಳಿದದ್ದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ ಎನ್ನುವ ಪುಟ್ಟ ಕ್ಯಾಮೆರಾ ಅದು. ಹದಿನೈದು ದಿನದ ನಂತರ ಸ್ಟುಡಿಯೋದಿಂದ ಪ್ರಿಂಟು ಬಂದಾಗ ಅಪ್ಪ ಕನ್ನಡಕ ಏರಿಸಿ ನೋಡಿ, ‘ಕೆರೆ ಎಲ್ಲೋ?’ ಎಂದರು. ಆ ಸಂಜೆ ನೀರಿನ ಮೇಲೆ ಆಕಾಶದ ಬಣ್ಣ ಹರಡಿದ್ದನ್ನು ನೋಡಿ ‘ಇಲ್ಲೇ ನಿಲ್ಲೋಣ’ ಎಂದು ಜಾಗ ಹಿಡಿದವರು ಅವರೇ. ನಮ್ಮ ಮನೆಯ ಮಾಳಿಗೆಯ ಮೇಲೆ ತೆಗೆದಿದ್ದರೂ ಚಿತ್ರ ಹೀಗೇ ಬರುತ್ತಿತ್ತು.

ಅಪ್ಪ ಈಗ ಇಲ್ಲ. ಆ ಪ್ರಶ್ನೆ ಮಾತ್ರ ಉಳಿದುಕೊಂಡಿತು. 2021ರ ದೀಪಾವಳಿಗೆ ಅಮ್ಮನನ್ನೂ ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳನ್ನೂ ಕರೆದುಕೊಂಡು ಮತ್ತೆ ಸೂಳೆಕೆರೆಗೆ ಹೊರಟಾಗ ಅದು ತಲೆಯಲ್ಲಿತ್ತು. ಈ ಸಲ ಇನ್ನೊಂದು ಕಾರಣವೂ ಇತ್ತು. ಮಗಳ ಸಹಪಾಠಿ ಒಬ್ಬಳು ಕೆರೆಯಿಂದ ಸ್ವಲ್ಪ ದೂರದ ಒಂದು ಲಂಬಾಣಿ ತಾಂಡಾದವಳು. ಅವಳ ಅಕ್ಕನಿಗೆ ಮದುವೆ ಗೊತ್ತಾಗಿತ್ತು. ‘ಅಕ್ಕಂದು ಇದೇ ಕೊನೇ ಮೇರಾ. ಫೋಟೋ ತೆಗೆಯೋಕೆ ನಿಮ್ಮಪ್ಪನ್ನ ಕರ್ಕೊಂಡು ಬಾ’ ಎಂದು ಅವಳು ಹೇಳಿಕಳಿಸಿದ್ದಳು.

ಮೇರಾ ಎಂದರೇನು ಎಂದು ಆಮೇಲೆ ಹೇಳುತ್ತೇನೆ. ಮೊದಲು ಕೆರೆ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಹತ್ತಿರ, ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಕಟ್ಟಿದ ಒಂದು ಏರಿ. ಅದರ ಹಿಂದೆ ಸುಮಾರು 6,500 ಎಕರೆ ನೀರು. ಮೊದಲ ಸಲ ನೋಡುವವರಿಗೆ ಏರಿಯನ್ನು ಕಂಡು ನಿರಾಸೆಯಾಗಬಹುದು. ಇಷ್ಟು ದೊಡ್ಡ ಹೆಸರಿನ ಕೆರೆಗೆ ಇಷ್ಟೇ ಉದ್ದದ ಏರಿಯೇ ಎನಿಸುತ್ತದೆ. ಆದರೆ ಜಾಣತನ ಇರುವುದೇ ಅಲ್ಲಿ. ಹರಿದ್ರಾವತಿ ಹಳ್ಳ ಗುಡ್ಡಗಳ ಸಂದಿಯಿಂದ ನುಸುಳುವ ಜಾಗವನ್ನೇ ಹುಡುಕಿ, ಅಲ್ಲಿ ಕಡಿಮೆ ಉದ್ದಕ್ಕೆ, ಆದರೆ ಬಹಳ ದಪ್ಪಕ್ಕೆ ಮಣ್ಣು ಕಲ್ಲು ಹಾಕಿದರು. ಉಳಿದ ಗೋಡೆಯನ್ನು ಗುಡ್ಡಗಳೇ ಒದಗಿಸಿದವು. ಇಲ್ಲಿಂದ ಹೊರಟ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಕೆರೆಯ ನೀರು ಸಿದ್ಧ ನಾಲೆ, ಬಸವ ನಾಲೆಗಳಲ್ಲಿ ಗದ್ದೆ ತೋಟಗಳಿಗೆ ಹೋಗುತ್ತದೆ. ದೂರದ ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದಲೇ ನೀರು ಹೋಗಿದೆ ಎಂದರೆ ದುರ್ಗದ ನೆಂಟರು ಒಮ್ಮೊಮ್ಮೆ ನಂಬುವುದಿಲ್ಲ.

ಹೆಸರಿನ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ, ತಂದೆತಾಯಂದಿರು ಮಾತು ಮರೆಸುತ್ತಾರೆ. ಮರೆಸಬೇಕಾಗಿಲ್ಲ. ಶಾಂತವ್ವ ಎಂಬ ರಾಜಕುಮಾರಿ ಈ ಕೆರೆಯನ್ನು ಕಟ್ಟಿಸಿದಳೆಂದು ಕತೆ. ಕೆರೆಗಾಗಿ ಸೂಳೆಯರು ತಮ್ಮ ಕೇರಿಯ ಜಾಗವನ್ನು ಬಿಟ್ಟುಕೊಟ್ಟು, ತಮ್ಮ ಹೆಸರು ಉಳಿಯಬೇಕೆಂದು ಕೇಳಿದರೆಂದು ಕೆಲವರು ಹೇಳುತ್ತಾರೆ. ಮಗಳ ಮೇಲೆ ಸಿಟ್ಟಾದ ರಾಜನೇ ಆ ಹೆಸರಿಟ್ಟನೆಂದು ಇನ್ನು ಕೆಲವರು. ನಾಗರಿಕರಿಗೆ ಮುಜುಗರವಾಗಿ ‘ಶಾಂತಿಸಾಗರ’ ಎಂಬ ಹೆಸರು ಬಂತು. ಬಸ್ಸಿನಲ್ಲಿ ‘ಸೂಳೆಕೆರೆ’ ಎಂದೇ ಟಿಕೆಟ್ ಕೇಳುತ್ತಾರೆ. ನನಗೂ ಹಳೆಯ ಹೆಸರೇ ಇಷ್ಟ. ಊರಿಗೆ ನೀರು ಕೊಟ್ಟವರ ಹೆಸರು ಯಾಕೆ ಅಳಿಸಬೇಕು?

ಅಮಾವಾಸ್ಯೆಯ ದಿನ, ನವೆಂಬರ್ 4ರಂದು, ಐದೂವರೆಗೆಲ್ಲ ನಾವು ಏರಿಯ ಮೇಲಿದ್ದೆವು. ನೀರು ಚೆನ್ನಾಗಿ ನಿಂತಿತ್ತು. ಅಲ್ಲಲ್ಲಿ ಮೋಡ. ಅಮ್ಮ ಚೀಲದಿಂದ ಹಣತೆ, ಬತ್ತಿ, ಎಣ್ಣೆ ಶೀಶೆ ತೆಗೆದು ಸಿದ್ಧೇಶ್ವರನ ಗುಡಿಯ ಕಡೆ ಒಮ್ಮೆ ಕೈಮುಗಿದು ಕೂತರು. ಗಾಳಿಗೆ ಬತ್ತಿ ಹತ್ತುತ್ತಿರಲಿಲ್ಲ. ನಾನೂ ಮಗಳೂ ಶಾಲು ಅಡ್ಡ ಹಿಡಿದು ನಿಂತೆವು.

ಈಗ ಕ್ಯಾಮೆರಾದ ಮಾತು. 1994ರಲ್ಲಿ ನಾನು ಮಾಡಿದ ತಪ್ಪೇನೆಂದು ತಿಳಿಯಲು ಕೆರೆಯ ತೂಬನ್ನೇ ನೋಡಿದರಾಯಿತು. ತೂಬನ್ನು ಎಷ್ಟು ಅಗಲ ತೆರೆದಿದ್ದೀರಿ ಎಂಬುದು ಕ್ಯಾಮೆರಾದ ಅಪರ್ಚರ್. ಎಷ್ಟು ಹೊತ್ತು ತೆರೆದಿಟ್ಟಿದ್ದೀರಿ ಎಂಬುದು ಶಟರ್. ಗದ್ದೆ ಎಂದರೆ ಫಿಲ್ಮು, ಈ ಕಾಲದಲ್ಲಾದರೆ ಸೆನ್ಸರ್. ಹೊರಗಿನ ಬೆಳಕು, ಅಂದರೆ ಸಂಜೆಯ ಆಕಾಶ, ಹಣತೆ, ದೂರದ ಮನೆಗಳ ದೀಪ, ಇದೆಲ್ಲ ತೂಬಿನಿಂದ ಸಣ್ಣಗೆ ಹರಿದು ಬರುವ ನೀರು. ಹೆಚ್ಚು ಹೊತ್ತು ತೆರೆದಷ್ಟೂ ಗದ್ದೆಗೆ ಹೆಚ್ಚು ನೀರು. ಫ್ಲ್ಯಾಶ್ ಹಾಗಲ್ಲ. ಅದು ಗದ್ದೆಯ ಬದುವಿನ ಮೇಲೆ ನಿಂತು ಒಂದು ಕೊಡ ನೀರನ್ನು ದಬಕ್ಕನೆ ಸುರಿದ ಹಾಗೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗ, ಮುಗಿದುಹೋಗುತ್ತದೆ. ತೂಬು ಅರ್ಧ ಗಂಟೆ ತೆರೆದಿರಲಿ, ಅರ್ಧ ದಿನ ತೆರೆದಿರಲಿ, ಕೊಡದ ನೀರು ಅಷ್ಟೇ.

ಕೊಡದ ನೀರು ಹತ್ತಿರದ ಗಿಡಕ್ಕೆ ಮಾತ್ರ ತಾಗುತ್ತದೆ. ಫ್ಲ್ಯಾಶಿನ ಬೆಳಕೂ ಹಾಗೆಯೇ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಭೌತಶಾಸ್ತ್ರದ ಪಾಠದಲ್ಲಿ ಓದಿರುತ್ತೀರಿ. ಎರಡು ಮೀಟರ್ ದೂರದ ಅಪ್ಪನ ಮುಖಕ್ಕೆ ಬಿದ್ದ ಬೆಳಕಿನಲ್ಲಿ ನೂರನೇ ಒಂದು ಭಾಗ ಮಾತ್ರ ಇಪ್ಪತ್ತು ಮೀಟರ್ ದೂರದ ಬಂಡೆಗೆ ಮುಟ್ಟುತ್ತದೆ. ಕೆರೆಯಾಚೆಯ ಗುಡ್ಡಕ್ಕಂತೂ ಲೆಕ್ಕವೇ ಬೇಡ. ಫ್ಲ್ಯಾಶ್ ಹಾಕಿದ ಕೂಡಲೇ ಸಾಮಾನ್ಯ ಕ್ಯಾಮೆರಾ ಶಟರನ್ನು ಸೆಕೆಂಡಿನ ಅರವತ್ತನೇ ಭಾಗ, ಅಥವಾ ಅದಕ್ಕೂ ಕಡಿಮೆ ಹೊತ್ತು ಮಾತ್ರ ತೆರೆಯುತ್ತದೆ. ಕೈ ನಡುಗಿ ಚಿತ್ರ ಕೆಡಬಾರದು ಎಂಬ ಕಾಳಜಿ ಅದಕ್ಕೆ. ಅಷ್ಟು ಹೊತ್ತಿನಲ್ಲಿ ತೂಬಿನಿಂದ ಒಂದು ಬೊಗಸೆ ನೀರೂ ಬಂದಿರುವುದಿಲ್ಲ. ಮುಖ ಬಂತು, ಕೆರೆ ಹೋಯಿತು.

ಹಾಗಾದರೆ ಫ್ಲ್ಯಾಶನ್ನೇ ಆರಿಸಿಬಿಟ್ಟರೆ? ಮಗಳು ಅದನ್ನೂ ಮಾಡಿ ತೋರಿಸಿದಳು. ಆಕಾಶ ನೀಲಿಯಾಗಿ ಬಂತು, ನೀರು ಬಂತು, ಹಣತೆಯ ಕುಡಿಗಳು ಬಂಗಾರದ ಹಾಗೆ ಬಂದವು. ಅಮ್ಮ ಮಾತ್ರ ಕರಿ ಗೊಂಬೆಯಾಗಿದ್ದರು. ‘ನಾನು ಎಲ್ಲಿದೀನೇ?’ ಎಂದು ಅವರು ಕೇಳಿದರು. ಮಗನ ಫೋಟೋದಲ್ಲಿ ಕೆರೆ ಇಲ್ಲ, ಮೊಮ್ಮಗಳ ಫೋಟೋದಲ್ಲಿ ಅಜ್ಜಿ ಇಲ್ಲ!

ಎರಡೂ ಬೇಕೆಂದರೆ ಎರಡನ್ನೂ ಮಾಡಬೇಕು. ಫ್ಲ್ಯಾಶ್ ಹಾಕಬೇಕು, ಶಟರನ್ನೂ ನಿಧಾನ ಮಾಡಬೇಕು. ಇದಕ್ಕೇ ಸ್ಲೋ ಫ್ಲ್ಯಾಶ್ ಅಥವಾ ಸ್ಲೋ ಸಿಂಕ್ ಎನ್ನುತ್ತಾರೆ. ಚಿಕ್ಕ ಕ್ಯಾಮೆರಾಗಳಲ್ಲಿ ಮುಖದ ಪಕ್ಕ ನಕ್ಷತ್ರ ಇರುವ ಗುರುತು ಇದೆಯಲ್ಲ, ಅದು ಇದೇ. ನಿಕಾನ್ ಕ್ಯಾಮೆರಾಗಳ ಫ್ಲ್ಯಾಶ್ ಪಟ್ಟಿಯಲ್ಲಿ ‘ಸ್ಲೋ’ ಎಂದೇ ಇರುತ್ತದೆ. ಕ್ಯಾನನ್‌ನಲ್ಲಿ ‘ಎವಿ’ಗೆ ತಿರುಗಿಸಿ ಫ್ಲ್ಯಾಶ್ ಎತ್ತಿದರೆ ಸಾಮಾನ್ಯವಾಗಿ ಹಾಗೇ ಕೆಲಸ ಮಾಡುತ್ತದೆ. ಮಗಳು ಎಲ್ಲವನ್ನೂ ಕೈಯಲ್ಲೇ ಹೊಂದಿಸಿದಳು. ಐ.ಎಸ್.ಒ. 400, ಅಪರ್ಚರ್ ಎಫ್ 4, ಶಟರ್ 1/8 ಸೆಕೆಂಡ್, ಫ್ಲ್ಯಾಶಿನ ಶಕ್ತಿ ಸ್ವಲ್ಪ ಕಡಿಮೆ. ಹಿನ್ನೆಲೆ ಇನ್ನೂ ಬೆಳಗಬೇಕೆಂದರೆ ಶಟರನ್ನು 1/4 ಮಾಡುವುದು, ಮಂಕಾಗಬೇಕೆಂದರೆ 1/15. ಮುಖದ ಬೆಳಕು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಪರ್ಚರ್ ಮುಟ್ಟಿದರೆ ಮಾತ್ರ ಮುಖ, ಕೆರೆ ಎರಡೂ ಬದಲಾಗುತ್ತವೆ.

1/8 ಸೆಕೆಂಡ್ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದರೆ ಅಲುಗುವುದಿಲ್ಲವೇ? ಅಲುಗುತ್ತದೆ. ಆದರೆ ಹತ್ತಿರದ ಮುಖದ ಚಿತ್ರ ಮೂಡುವುದು ಬಹುಪಾಲು ಫ್ಲ್ಯಾಶಿನ ಆ ಕ್ಷಣದಲ್ಲೇ. ಅಷ್ಟು ಸಣ್ಣ ಅವಧಿಯಲ್ಲಿ ಯಾವ ಕೈಯೂ ನಡುಗಲಾರದು. ನಡುಕ ಕಾಣುವುದು ಹಿನ್ನೆಲೆಯ ದೀಪಗಳಲ್ಲಿ. ಅಲ್ಲಿ ಸ್ವಲ್ಪ ನಡುಗಿದರೆ ಕಣ್ಣು ಕ್ಷಮಿಸುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಇಲ್ಲದೆಯೂ ಹಬ್ಬದ ರಾತ್ರಿ ಫೋಟೋ ತೆಗೆಯಬಹುದು ಎಂಬ ಗುಟ್ಟು ಇಷ್ಟೇ. ಆದರೂ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಳ್ಳಿ, ಎಡಗೈ ಲೆನ್ಸಿನ ಕೆಳಗಿರಲಿ, ಉಸಿರು ಬಿಟ್ಟು ಬಟನನ್ನು ಮೆಲ್ಲಗೆ ಒತ್ತಿ. ಗೋಡೆಯೋ ಮರವೋ ಸಿಕ್ಕಿದರೆ ಒರಗಿಕೊಳ್ಳಿ. ಜೂಮ್ ಮಾಡಬೇಡಿ, ಹತ್ತಿರ ತಂದಷ್ಟೂ ನಡುಕವೂ ದೊಡ್ಡದಾಗುತ್ತದೆ. ಒಂದರ ಬದಲು ಮೂರು ತೆಗೆಯಿರಿ.

ಎಲ್ಲಕ್ಕಿಂತ ಮುಖ್ಯವಾದ ಸಲಹೆ ಕ್ಯಾಮೆರಾದ ಮುಂದೆ ನಿಂತವರಿಗೆ. ಫ್ಲ್ಯಾಶ್ ಮಿಂಚಿತು, ಮುಗಿಯಿತು ಎಂದು ನಮ್ಮವರು ತಕ್ಷಣ ತಿರುಗಿಬಿಡುತ್ತಾರೆ. ಶಟರ್ ಇನ್ನೂ ತೆರೆದೇ ಇರುತ್ತದೆ. ಮೊದಲ ಚಿತ್ರದಲ್ಲಿ ಅಮ್ಮನಿಗೆ ಎರಡು ಮೂಗು ಬಂದವು. ‘ಅಜ್ಜಿ, ಮಿಂಚಿದ ಮೇಲೂ ಮನಸ್ಸಿನಲ್ಲಿ ಒಂದು ಅಂತ ಎಣಿಸೋವರೆಗೂ ಅಲ್ಲಾಡಬೇಡ’ ಎಂದಳು ಮಗಳು. ಅಮ್ಮ ‘ಶಿವಾ’ ಎಂದುಕೊಂಡರಂತೆ, ಅಳತೆ ಸರಿಹೋಯಿತು.

ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆಗಿತ್ತು. ಆ ಹೊತ್ತಿನ ಆಕಾಶಕ್ಕೂ ಹಣತೆಗೂ ಬೆಳಕಿನಲ್ಲಿ ಹೆಚ್ಚುಕಡಿಮೆ ಸಮಜೋಡಿ. ಅದಕ್ಕೆ ಮುಂಚೆ ಹಣತೆ ಸೋಲುತ್ತದೆ, ಆಮೇಲೆ ಆಕಾಶ ಸೋಲುತ್ತದೆ. ಈ ಜೋಡಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ. ನಮಗೆ ನಾಲ್ಕು ಒಳ್ಳೆಯ ಚಿತ್ರ ಸಿಕ್ಕವು. ಒಂದರಲ್ಲಿ ಅಮ್ಮ, ಐದು ಹಣತೆ, ಬೆನ್ನ ಹಿಂದೆ ಇಡೀ ಕೆರೆ. ಅಮ್ಮ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಅದನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಹಣತೆಗಳ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು.

ಅಲ್ಲಿಂದ ತಾಂಡಾಕ್ಕೆ ಹೋಗುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಬಹಳ. ಅವರ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಡೆದುಕೊಳ್ಳುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶವೆಲ್ಲ ತಿರುಗಿದ ಜನ ಇವರು. ರೈಲು, ರಸ್ತೆಗಳು ಬಂದು ಆ ವ್ಯಾಪಾರ ನಿಂತ ಮೇಲೆ ಗುಡ್ಡದ ಬದಿಗಳಲ್ಲಿ ನೆಲೆಯೂರಿದರು. ದೀಪಾವಳಿ ಅವರಿಗೆ ವರ್ಷದ ದೊಡ್ಡ ಹಬ್ಬ. ಪಟಾಕಿ ಅದರಲ್ಲಿ ಚಿಕ್ಕ ಭಾಗ.

ಅಮಾವಾಸ್ಯೆಯ ರಾತ್ರಿ ತಾಂಡಾದ ಮದುವೆಯಾಗದ ಹೆಣ್ಣುಮಕ್ಕಳು ಸಿಂಗರಿಸಿಕೊಂಡು ಕೈಯಲ್ಲೊಂದು ದೀಪ ಹಿಡಿದು ಒಟ್ಟಾಗುತ್ತಾರೆ. ಮೊದಲು ನಾಯ್ಕನ ಮನೆ, ಆಮೇಲೆ ಮನೆ ಮನೆ. ಪ್ರತಿ ಮನೆಯ ಬಾಗಿಲಲ್ಲೂ ದೀಪ ಬೆಳಗಿ, ಹಿರಿಯರ ಹೆಸರು ಹಿಡಿದು, ನಿಮಗೆ ಒಳ್ಳೆಯದಾಗಲಿ ಎಂದು ಹಾಡುತ್ತಾರೆ. ಮನೆಯವರು ದೀಪಕ್ಕೆ ದುಡ್ಡು ಹಾಕುತ್ತಾರೆ. ಇದೇ ಮೇರಾ. ಮರುದಿನ ಅದೇ ಹುಡುಗಿಯರು ಬುಟ್ಟಿ ಹಿಡಿದು ಹೂವು ತರಲು ಹೊಲ, ಅಡವಿಗೆ ಹೋಗುತ್ತಾರೆ. ಆ ವರ್ಷ ಮದುವೆ ಗೊತ್ತಾದವಳಿಗೆ ಇದೇ ಕೊನೆಯ ಮೇರಾ. ಮುಂದಿನ ದೀಪಾವಳಿಗೆ ಅವಳು ಇನ್ನೊಂದು ತಾಂಡಾದ ಸೊಸೆ. ಆದ್ದರಿಂದ ಹಾಡು ಮುಗಿಯುವ ಹೊತ್ತಿಗೆ ಗೆಳತಿಯರು ತಬ್ಬಿಕೊಂಡು ಅಳುವುದೂ ಉಂಟು.

ಸಹಪಾಠಿಯ ತಂದೆ ನಮ್ಮನ್ನು ಮೊದಲು ನಾಯ್ಕರ ಮನೆಗೆ ಕರೆದುಕೊಂಡು ಹೋದರು. ‘ಫೋಟೋ ತೆಗೀಬಹುದಾ ನಾಯ್ಕರೇ?’ ಎಂದೆ. ‘ತೆಗೀರಿ ಸಾರ್. ಆದ್ರೆ ಹಾಡು ನಿಲ್ಲಿಸಬ್ಯಾಡ್ರಿ’ ಎಂದರು. ಅದು ನ್ಯಾಯ. ಹಬ್ಬ ನಡೆಯುವುದು ನಮ್ಮ ಕ್ಯಾಮೆರಾಕ್ಕಾಗಿ ಅಲ್ಲ. ಇನ್ನೊಮ್ಮೆ ಮಾಡಿ, ಸ್ವಲ್ಪ ಈ ಕಡೆ ತಿರುಗಿ ಎಂದು ಹೇಳುವ ಹಾಗಿಲ್ಲ. ನಿಲ್ಲದೆ ನಡೆಯುವ ಹುಡುಗಿಯರು, ಗಾಳಿಗೆ ಬಾಗುವ ದೀಪ, ಸುತ್ತ ಕಗ್ಗತ್ತಲು.

ಸಹಪಾಠಿಯ ತಾಯಿ ಮೊಬೈಲಿನಲ್ಲಿ ಹಿಂದಿನ ವರ್ಷದ ಫೋಟೋ ತೋರಿಸಿದರು. ಮನೆಯವರೇ ಯಾರೋ ತೆಗೆದದ್ದು. ನೋಡಿದೊಡನೆ ನನಗೆ ನಮ್ಮ 1994ರ ಫೋಟೋ ನೆನಪಾಯಿತು. ಮುಖಗಳು ಪಿಂಗಾಣಿಯ ಹಾಗೆ ಬಿಳಿ. ಕಾಂಚಳಿಯ, ಫೇಟಿಯಾದ ಕನ್ನಡಿ ಚೂರುಗಳು ಫ್ಲ್ಯಾಶಿಗೆ ಹೊಳೆದು ಬಟ್ಟೆಯ ತುಂಬ ಬಿಳಿ ಚುಕ್ಕೆ. ಕೈಯಲ್ಲಿ ದೀಪ ಇದೆ, ಬೆಳಕಿಲ್ಲ. ತಾಂಡಾ ಇಲ್ಲ. ‘ಹಗಲು ತೆಗೆದಂಗೆ ಐತಿ, ಹಗಲೂ ಅಲ್ಲ’ ಎಂದರು ಆ ತಾಯಿ. ಇದಕ್ಕಿಂತ ಚೆನ್ನಾಗಿ ಯಾವ ಫೋಟೋಗ್ರಫಿ ಪುಸ್ತಕವೂ ಹೇಳಿಲ್ಲ.

ಮಗಳಿಗೆ ಇಲ್ಲಿ ಮೂರು ತೊಡಕುಗಳು ಎದುರಾದವು.

ಒಂದು, ಕತ್ತಲು. ಆಕಾಶದ ಸಹಾಯ ಇನ್ನಿಲ್ಲ. ಐ.ಎಸ್.ಒ. 1600ಕ್ಕೆ ಏರಿಸಿ, ಅಪರ್ಚರನ್ನು ತೆರೆಯುವಷ್ಟು ತೆರೆದು ಎಫ್ 3.5ಕ್ಕೆ ತಂದು, ಶಟರನ್ನು ಮತ್ತೆ 1/8ರಲ್ಲೇ ಇಟ್ಟಳು. ಫ್ಲ್ಯಾಶನ್ನು ಸಾಧ್ಯವಾದಷ್ಟು ಇಳಿಸಿದಳು. ದೀಪದ ಬೆಳಕು ಮುಖಕ್ಕೆ ಬಿದ್ದದ್ದು ಕಾಣಬೇಕು. ಫ್ಲ್ಯಾಶ್ ಅದಕ್ಕೆ ಒತ್ತಾಸೆ ಮಾತ್ರ. ಫ್ಲ್ಯಾಶ್ ಇದ್ದದ್ದು ಗೊತ್ತಾಗದಿದ್ದರೆ ಗೆದ್ದ ಹಾಗೆ.

ಎರಡು, ಬಣ್ಣ. ಇದನ್ನು ನಾವು ಮೊದಲು ಯೋಚಿಸಿರಲಿಲ್ಲ. ಫ್ಲ್ಯಾಶಿನ ಬೆಳಕು ನಡುಹಗಲ ಬಿಸಿಲಿನ ಬಿಳುಪು. ಎಣ್ಣೆದೀಪದ್ದು ಕಿತ್ತಳೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಅರಿಸಿನ, ಇನ್ನೊಂದು ಸುಣ್ಣ. ವೃತ್ತಿಯವರು ಇದಕ್ಕೆಂದೇ ಫ್ಲ್ಯಾಶಿನ ಮುಂದೆ ಕಿತ್ತಳೆ ಬಣ್ಣದ ಹಾಳೆ ಹಾಕುತ್ತಾರೆ. ನಮ್ಮ ಬಳಿ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಹುಡುಗ ಆಕಾಶಬುಟ್ಟಿ ಕಟ್ಟಿ ಮಿಕ್ಕಿದ್ದ ಹಳದಿ ಜಿಲೇಟಿನ್ ಕಾಗದದ ಚೂರನ್ನು ತಂದುಕೊಟ್ಟ. ಅದರ ಎರಡು ಮಡಿಕೆಯನ್ನು ಫ್ಲ್ಯಾಶಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆವು. ನಿಖರ ಬಣ್ಣವೇನೂ ಅಲ್ಲ, ಆದರೆ ಸುಣ್ಣ ಹೋಯಿತು.

ಮೂರು, ಕನ್ನಡಿಗಳು. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ಲೆನ್ಸಿಗೆ ಬಹಳ ಹತ್ತಿರ. ಎದುರಿಗೆ ನಿಂತು ತೆಗೆದರೆ ನೇರ ನಮ್ಮತ್ತ ಮುಖ ಮಾಡಿದ ಕನ್ನಡಿ ಬೆಳಕನ್ನು ಹಾಗೇ ವಾಪಸ್ಸು ಕಳಿಸುತ್ತದೆ. ಬಿದ್ದ ಕೋನದಲ್ಲೇ ಮರಳುವುದು ಬೆಳಕಿನ ಗುಣ. ಆದ್ದರಿಂದ ಮಗಳು ಸಾಲಿನ ಎದುರು ನಿಲ್ಲುವುದನ್ನು ಬಿಟ್ಟು ಪಕ್ಕಕ್ಕೆ, ಓರೆಗೆ ನಿಂತಳು. ಕನ್ನಡಿಗಳು ಈಗ ಫ್ಲ್ಯಾಶನ್ನು ಬೇರೆಲ್ಲಿಗೋ ಎಸೆದವು. ನಮ್ಮ ಕಡೆಗೆ ಗೆಳತಿಯರ ಕೈಯ ದೀಪಗಳನ್ನು ತೋರಿಸಿದವು. ಒಂದು ದೀಪ, ಹತ್ತಾರು ಕಿಡಿ.

ನಡಿಗೆಯ ಸಮಸ್ಯೆ ಬೇರೆಯೇ. ಮೆಲ್ಲಗೆ ನಡೆಯುವವರೂ 1/8 ಸೆಕೆಂಡಿನಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ ಮುಂದೆ ಹೋಗಿರುತ್ತಾರೆ. ಅಷ್ಟು ಉದ್ದ ದೀಪದ ಬೆಳಕು ಗೆರೆಯಾಗಿ ಮೂಡುತ್ತದೆ. ಶಟರ್ ತೆರೆದೊಡನೆ ಫ್ಲ್ಯಾಶ್ ಮಿಂಚಿದರೆ ಹುಡುಗಿ ಮೊದಲು ಅಚ್ಚಾಗುತ್ತಾಳೆ, ಗೆರೆ ಅವಳ ಮುಂದೆ ಹೋಗುತ್ತದೆ. ಹಿಂದಕ್ಕೆ ನಡೆಯುತ್ತಿರುವ ಹಾಗೆ ಕಾಣುತ್ತದೆ. ಇದಕ್ಕೆ ಪರಿಹಾರ ‘ರೇರ್ ಕರ್ಟನ್’. ಶಟರ್ ಮುಚ್ಚುವ ಮುನ್ನ, ಕೊನೆಗೆ, ಫ್ಲ್ಯಾಶ್ ಮಿಂಚುತ್ತದೆ. ಆಗ ಗೆರೆ ಹಿಂದೆ ಉಳಿದು, ದೀಪ ಹಿಡಿದವಳು ಅದರ ತುದಿಯಲ್ಲಿ ನಿಲ್ಲುತ್ತಾಳೆ. ಕ್ಯಾಮೆರಾದ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ. ಮಗಳು ಅದನ್ನು ಹುಡುಕುವಷ್ಟರಲ್ಲಿ ನಾಲ್ಕು ಮನೆ ದಾಟಿದ್ದರು. ನಾನು ಹಿಂದಿನಿಂದ ಬ್ಯಾಟರಿ ಬಿಡುತ್ತಿದ್ದೆ. ‘ಅಪ್ಪಾ, ಟಾರ್ಚ್ ಆರಿಸು’ ಎಂದು ಬೈಸಿಕೊಂಡೆ.

ಇಷ್ಟೆಲ್ಲ ಇದ್ದೂ ಅರ್ಧಕ್ಕೆ ಅರ್ಧ ಚಿತ್ರಗಳು ಕೆಟ್ಟವು. ಒಂದರಲ್ಲಿ ಮುಖಕ್ಕೆ ಅಡ್ಡ ಕೈ, ಇನ್ನೊಂದರಲ್ಲಿ ಯಾರದೋ ಬೆನ್ನು, ಮತ್ತೊಂದರಲ್ಲಿ ಪಟಾಕಿ ಸಿಡಿದು ಎಲ್ಲ ಬೆಳ್ಳಗೆ. ಡಿಜಿಟಲ್ ಕಾಲದಲ್ಲಿ ಕೆಟ್ಟದ್ದನ್ನು ಅಳಿಸಿ ಮುಂದುವರಿಯಬಹುದು. 36 ಚಿತ್ರದ ರೋಲು ಹಾಕಿಕೊಂಡು ಪ್ರತಿ ಕ್ಲಿಕ್ಕಿಗೂ ಲೆಕ್ಕ ಹಾಕುತ್ತಿದ್ದ ನನಗೆ ಆ ಧಾರಾಳ ಇನ್ನೂ ಅಭ್ಯಾಸವಾಗಿಲ್ಲ. ಅದಕ್ಕೂ ಹಿಂದಿನವರ ಪಾಡು ನೆನೆದರೆ ನಾವೇ ಪುಣ್ಯವಂತರು. ಮೆಗ್ನೀಸಿಯಂ ಪುಡಿಯನ್ನು ತಟ್ಟೆಯಲ್ಲಿಟ್ಟು ಭಗ್ಗೆಂದು ಉರಿಸಿ, ಹೊಗೆಯ ನಡುವೆ ಚಿತ್ರ ತೆಗೆಯುತ್ತಿದ್ದ ಕಾಲವಿತ್ತು. ಅಮೆರಿಕದ ಎಂ.ಐ.ಟಿ.ಯ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ವಿದ್ಯುತ್ತಿನಿಂದ ಕ್ಷಣಮಾತ್ರ ಮಿಂಚುವ ದೀಪವನ್ನು ಪಳಗಿಸಿದ ಮೇಲೆಯೇ ಇಂದಿನ ಫ್ಲ್ಯಾಶ್ ಬಂದದ್ದು. ಎಡ್ಗರ್ಟನ್ ಹಾಲಿನ ಹನಿ ಚಿಮ್ಮುವುದನ್ನೂ ಹಾರುವ ಗುಂಡನ್ನೂ ಹಿಡಿದು ನಿಲ್ಲಿಸಿದರು.

ಮೊಬೈಲ್ ಮಾತ್ರ ಇರುವ ವಿದ್ಯಾರ್ಥಿಗಳು ಬೇಸರಪಡಬೇಕಿಲ್ಲ. ಮೊಬೈಲಿನ ಎಲ್.ಇ.ಡಿ. ದೀಪ ನಿಜವಾದ ಫ್ಲ್ಯಾಶ್ ಅಲ್ಲ. ಅದು ಕೊಡ ಸುರಿದ ಹಾಗಲ್ಲ, ನಲ್ಲಿ ಬಿಟ್ಟ ಹಾಗೆ; ನಡೆಯುವವರನ್ನು ನಿಲ್ಲಿಸಲಾರದು. ಆದ್ದರಿಂದ ನಿಂತವರನ್ನು ತೆಗೆಯಿರಿ. ‘ನೈಟ್ ಮೋಡ್’ ಹಾಕಿ, ಮೊಬೈಲಿನ ದೀಪ ಆರಿಸಿ. ಗೆಳೆಯನೊಬ್ಬ ಪಕ್ಕದಿಂದ ತನ್ನ ಮೊಬೈಲಿನ ಟಾರ್ಚನ್ನು ಕರವಸ್ತ್ರದ ಹಿಂದಿನಿಂದ ಮುಖಕ್ಕೆ ಹಿಡಿಯಲಿ. ಬಡವರ ಸ್ಲೋ ಫ್ಲ್ಯಾಶ್!

ತಂದೆತಾಯಂದಿರಿಗೆ ಎರಡು ಮಾತು. ಕೆರೆಯ ದಡದ ಕಲ್ಲುಗಳು ಜಾರುತ್ತವೆ, ಕತ್ತಲಲ್ಲಿ ನೀರು ಎಲ್ಲಿ ಶುರುವಾಗುತ್ತದೆ ಎಂದು ಕಾಣುವುದಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟ ಹುಡುಗರು ಹಿಂದೆ ಹಿಂದೆ ಸರಿಯುತ್ತಾರೆ. ಒಬ್ಬರು ಅವರ ಬೆನ್ನ ಹಿಂದೆ ಇರಲೇಬೇಕು. ಬರುವ ವಾಹನದ ಕಡೆ ಫ್ಲ್ಯಾಶ್ ಹೊಡೆಯಬಾರದು. ಹಗಲು ಸಮಯವಿದ್ದರೆ ಅದೇ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನೂ ನೋಡಿ ಬನ್ನಿ. ನೀರಿನ ನಡುವೆ ನಿಂತ ಆ ಮಂಟಪಕ್ಕೆ ಯಾವ ಫ್ಲ್ಯಾಶೂ ಬೇಡ.

ತಾಂಡಾದಲ್ಲಿ ಕೊನೆಯ ಮನೆ ಸಹಪಾಠಿಯದೇ ಆಗಿತ್ತು. ಹುಡುಗಿಯರು ಬಾಗಿಲಲ್ಲಿ ನಿಂತು ಹಾಡಿದರು. ಭಾಷೆ ನಮಗೆ ತಿಳಿಯದು. ‘ಯಾಡಿ’ ಎಂಬ ಒಂದು ಪದ ಮಾತ್ರ ಗೊತ್ತಿತ್ತು, ಅಮ್ಮ ಎಂದು. ಮದುವೆ ಗೊತ್ತಾದವಳು ಸಾಲಿನ ಮುಂದಿದ್ದಳು. ಅವಳ ಧ್ವನಿ ನಡುವೆ ಒಮ್ಮೆ ಕಟ್ಟಿತು. ಗೆಳತಿಯರು ಸಾಲನ್ನು ಎತ್ತಿಕೊಂಡರು. ಮಗಳು ಬೇವಿನ ಮರಕ್ಕೆ ಒರಗಿ ಮೂರು ಸಲ ಒತ್ತಿದಳು. ಆಮೇಲೆ ಕ್ಯಾಮೆರಾ ಇಳಿಸಿದಳು. ಅವಳು ಅಳತೊಡಗಿದಾಗ ತೆಗೆಯಲಿಲ್ಲ. ‘ಯಾಕೇ?’ ಎಂದೆ. ‘ಸಾಕು ಅಪ್ಪಾ’ ಎಂದಳು.

ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಪ್ರಿಂಟುಗಳನ್ನು ತೆಗೆದುಕೊಂಡು ಹೋದೆವು. ಕಳಿಸುತ್ತೇವೆ ಎಂದು ಹೇಳಿ ಕಳಿಸದವರೇ ಹೆಚ್ಚು ಎಂದು ಆ ತಾಯಿ ಮೊದಲೇ ಹೇಳಿದ್ದರು. ನಾನು ಬಹಳ ಚೆನ್ನಾಗಿದೆ ಎಂದುಕೊಂಡಿದ್ದ ಚಿತ್ರ ಒಂದಿತ್ತು. ಮುಖ ಸ್ಪಷ್ಟ, ದೀಪ ಸ್ಪಷ್ಟ, ಕನ್ನಡಿಗಳಲ್ಲಿ ಕಿಡಿ. ಅವರು ಅದನ್ನು ನೋಡಿ ತಲೆಯಾಡಿಸಿ ಪಕ್ಕಕ್ಕಿಟ್ಟರು. ಕೈಗೆತ್ತಿಕೊಂಡದ್ದು ಇನ್ನೊಂದನ್ನು. ಅದರಲ್ಲಿ ಮಗಳ ಮುಖದ ಅಂಚು ಸ್ವಲ್ಪ ಅಲುಗಿದೆ, ಕೈಯ ದೀಪ ಬಾಲ ಎಳೆದಿದೆ. ಆದರೆ ಅವಳ ಹಿಂದೆ ತೆರೆದ ಬಾಗಿಲು, ಹೊಸ್ತಿಲಿನ ಎರಡೂ ಬದಿಗೆ ಹಣತೆ, ಒಳಗೆ ಗೋಡೆಯ ಮೇಲಿನ ಸೇವಾಲಾಲರ ಪಟದವರೆಗೂ ಕಾಣುತ್ತದೆ.

‘ಇದು ನಾನು ಹಚ್ಚಿದ ದೀಪ’ ಎಂದರು ಅವರು, ಹೊಸ್ತಿಲಿನ ಎಡಬದಿಯ ಹಣತೆಯ ಮೇಲೆ ಬೆರಳಿಟ್ಟು. ‘ಇದನ್ನ ಅವಳ ಪೆಟ್ಟಿಗ್ಯಾಗ ಇಡ್ತೀನಿ. ಮನಿ ಕಾಣ್ತೈತಿ.’